ಚೌಡಯ್ಯನವರ ಗಳಿಕೆ

ಪಿಟೀಲು ಕಲಿಸಿ ಎಂದು ಮಕ್ಕಳನ್ನು ಕರೆತರುವ ತಂದೆತಾಯಿಯರು ನಂಜನಗೂಡಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಸಾಮಾನ್ಯವಾಗಿ ಕೇಳುವ ಮಾತು ಒಂದೇ: “ಮೇಡಂ, ಇದರಲ್ಲಿ ಮುಂದೆ ಸಂಪಾದನೆ ಇದೆಯಾ?” ಕೇಳಬೇಕಾದ ಪ್ರಶ್ನೆಯೇ ಅದು. ಹೊಟ್ಟೆಪಾಡಿನ ಮಾತನ್ನು ಕಲೆಯ ಹೆಸರಿನಲ್ಲಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಉತ್ತರಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ನಂಜುಂಡೇಶ್ವರನ ಸನ್ನಿಧಿಯ ಪಕ್ಕದಲ್ಲಿ ಹರಿಯುವ ಕಪಿಲೆ ಮುಂದೆ ಕಾವೇರಿಯನ್ನು ಕೂಡುವ ಜಾಗದಲ್ಲೇ ಆ ಉತ್ತರ ಹುಟ್ಟಿತು.

ಟಿ. ನರಸೀಪುರದಲ್ಲಿ ಹೊಳೆಯ ಒಂದು ದಡಕ್ಕೆ ಗುಂಜಾನರಸಿಂಹ, ಇನ್ನೊಂದು ದಡದ ತಿರುಮಕೂಡಲಿಗೆ ಅಗಸ್ತ್ಯೇಶ್ವರ. ಕಾವೇರಿ, ಕಪಿಲೆಯರ ಜೊತೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆಂದು ನಂಬುವ ತ್ರಿವೇಣಿ ಸಂಗಮ ಅದು. 1895ರಲ್ಲಿ ತಿರುಮಕೂಡಲಿನ ಒಕ್ಕಲಿಗರ ಮನೆಯೊಂದರಲ್ಲಿ ಅಗಸ್ತ್ಯೇಗೌಡ, ಸುಂದರಮ್ಮ ದಂಪತಿಗೆ ಹುಟ್ಟಿದ ಮಗ ಚೌಡಯ್ಯ. ಊರ ದೇವರ ಹೆಸರು ತಂದೆಗೆ; ಊರಿನ ಹೆಸರು ಮಗನ ಇನಿಷಿಯಲ್ಲಿಗೆ. ದೊಡ್ಡ ವಿದ್ವಾಂಸರಾದ ಮೇಲೆ ಕೃತಿಗಳನ್ನು ರಚಿಸಿದಾಗಲೂ ಅವರು ಹಾಕಿಕೊಂಡ ಅಂಕಿತ ‘ತ್ರಿಮಕುಟ’. ಅರಮನೆಯ ಮನ್ನಣೆ ಸಿಕ್ಕಿತು, ಮದರಾಸಿನ ಸಭೆಗಳು ಕರೆದವು. ಸಂಗಮದ ನಂಟು ಮಾತ್ರ ಬಿಡಲಿಲ್ಲ.

1910ರಲ್ಲಿ ಹುಡುಗ ಚೌಡಯ್ಯ ಮೈಸೂರಿಗೆ ಹೋಗಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಉಡುಪಿ ಸೀಮೆಯ ನಂದಳಿಕೆಯಲ್ಲಿ ಹುಟ್ಟಿ ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಕೃಷ್ಣಪ್ಪನವರು ಗಾಯಕರು. ಕಛೇರಿಯಲ್ಲಿ ಕನ್ನಡದ ದೇವರನಾಮಗಳಿಗೆ ಗೌರವದ ಜಾಗ ಕೊಟ್ಟವರು. ಹಾಡುವ ಗುರುವಿನ ಬಳಿ ಪಿಟೀಲು ಕಲಿತದ್ದು ಚೌಡಯ್ಯನವರ ಭಾಗ್ಯ ಎಂದು ನಾನು ತಿಳಿದಿದ್ದೇನೆ. ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಸಾಹಿತ್ಯದ ಯಾವ ಅಕ್ಷರದ ಮೇಲೆ ನಿಲ್ಲುತ್ತಾನೆ ಎಂಬುದು ತಿಳಿಯದೆ ಕಮಾನು ಎಳೆದರೆ ಸ್ವರ ಬರುತ್ತದೆ, ಹಾಡು ಬರುವುದಿಲ್ಲ. ಎಂಟು ವರ್ಷದಷ್ಟು ಕಾಲ ಅವರು ಅಲ್ಲಿ ಕಲಿತರು.

ಆ ಕಾಲದ ಪಕ್ಕವಾದ್ಯದವರ ಕಷ್ಟವನ್ನು ಇಂದಿನ ಮಕ್ಕಳಿಗೆ ವಿವರಿಸಿಯೇ ಹೇಳಬೇಕು. ಮೈಕು ಇರಲಿಲ್ಲ. ತುಂಬುಕಂಠದ ಗಾಯಕರ ಎದುರು ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕಕ್ಕೆ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಇದು ಹೇಳಿದಷ್ಟು ಸಲೀಸಲ್ಲ. ಜೋಡಿ ತಂತಿಗಳನ್ನು ಒಂದೇ ಬೆರಳಿನಲ್ಲಿ ಒಟ್ಟಿಗೆ ಒತ್ತಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಎರಡು ಸ್ವರ ಕಿತ್ತಾಡುತ್ತವೆ. ಶ್ರುತಿ ಮಾಡುವಾಗ ಒಂದು ಬಿರಡೆ ತಿರುಗಿಸಿದರೆ ಉಳಿದವನ್ನೆಲ್ಲ ಮತ್ತೆ ನೋಡಬೇಕು. ಅಂಥ ವಾದ್ಯವನ್ನು ಪಳಗಿಸಿ ತುಂಬುನಾದ ಹೊರಡಿಸಿದ್ದರಿಂದಲೇ ಅವರಿಗೆ ಊರೂರಿನಿಂದ ಕರೆ ಬಂತು. ಚೆಂಬೈ ವೈದ್ಯನಾಥ ಭಾಗವತರ ಹಾಡು, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಎಂದರೆ ದಕ್ಷಿಣದಲ್ಲೆಲ್ಲ ಜನ ಕಾದು ಕೂರುತ್ತಿದ್ದ ಮೇಳ. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಬಂತು. ಹೊಲದ ಕಸುಬಿನ ಮನೆತನದ ಹುಡುಗನೊಬ್ಬ ಆ ಪೀಠಕ್ಕೆ ಏರಿದ್ದು ನಮ್ಮ ಸೀಮೆಯ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕಾದ ಸಂಗತಿ.

ಇನ್ನು ಹಣದ ಮಾತು. ಸಂಭಾವನೆಯಾಗಿ ಬಂದದ್ದನ್ನು ಅವರು ಯಾವುದಕ್ಕೆ ಸುರಿದರು ಎಂದು ನೋಡಿದರೆ ಅವರ ಮನಸ್ಸು ಗೊತ್ತಾಗುತ್ತದೆ. ಗುರು ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಲು ಹೊರಟು ತಮ್ಮ ಗಳಿಕೆಯನ್ನು ಅದಕ್ಕೆ ಹಾಕಿದವರು. ದೇವರಿಗೆ ಗುಡಿ, ಸಂಗೀತಕ್ಕೆ ಮನೆ, ಎರಡೂ ಒಂದೇ ಸೂರಿನಡಿ. 1931ರಲ್ಲಿ ಗುರುಗಳು ತೀರಿಕೊಂಡ ಮೇಲೆ ಮಂದಿರದ ಹೊಣೆಗೆ ಶಿಷ್ಯ ಹೆಗಲು ಕೊಟ್ಟರು. ಮೈಸೂರಿನಲ್ಲೇ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು.

1943ರಲ್ಲಿ ‘ವಾಣಿ’ ಚಲನಚಿತ್ರವನ್ನೂ ನಿರ್ಮಿಸಿದರು. ಕನ್ನಡದ ಮೊದಲ ವಾಕ್ಚಿತ್ರ ತೆರೆಗೆ ಬಂದು ಆಗಿನ್ನೂ ಒಂಬತ್ತೇ ವರ್ಷ. ಯುದ್ಧದ ಕಾಲ, ಕಚ್ಚಾ ಫಿಲ್ಮಿಗೂ ಸರ್ಕಾರದ ಕಟ್ಟುಪಾಡು. ಅಂಥ ಹೊತ್ತಿನಲ್ಲಿ ಕೆ. ಹಿರಣ್ಣಯ್ಯನವರಿಂದ ನಿರ್ದೇಶನ ಮಾಡಿಸಿ, ಚೆಂಬೈಯವರ ಜೊತೆ ತಾವೂ ತೆರೆಯ ಮೇಲೆ ಕಾಣಿಸಿಕೊಂಡರು. ಪಂಡರೀಬಾಯಿಯವರು ಚಿತ್ರರಂಗಕ್ಕೆ ಬಂದದ್ದು ಈ ಚಿತ್ರದ ಮೂಲಕ. ಸಂಗೀತದಿಂದ ಬಂದ ದುಡ್ಡನ್ನು ಮನೆಗೆ ಹೊತ್ತೊಯ್ದು ಬೀಗ ಹಾಕುವ ಜಾಯಮಾನ ಅವರದಲ್ಲ. ಮಂದಿರ, ಕಾಲೇಜು, ಸಿನಿಮಾ, ಎಲ್ಲದರಲ್ಲೂ ಇನ್ನೊಬ್ಬರು ಹಾಡುವುದಕ್ಕೆ, ಕಲಿಯುವುದಕ್ಕೆ, ಕಾಣಿಸಿಕೊಳ್ಳುವುದಕ್ಕೆ ಜಾಗವಿತ್ತು.

1967ರ ಜನವರಿ 19ರಂದು ಚೌಡಯ್ಯನವರು ತೀರಿಕೊಂಡರು. 1980ರಲ್ಲಿ ಬೆಂಗಳೂರಿನಲ್ಲಿ ಕೆ.ಕೆ. ಮೂರ್ತಿಯವರ ಪ್ರಯತ್ನದಿಂದ ಪಿಟೀಲಿನ ಆಕಾರದ್ದೇ ಒಂದು ಸಭಾಂಗಣ ಎದ್ದುನಿಂತಿತು: ಚೌಡಯ್ಯ ಸ್ಮಾರಕ ಭವನ. ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಕೊಡುತ್ತದೆ. ಇವೆಲ್ಲ ಬೇಕು, ಸಂತೋಷ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಇಂದು ಪಿಟೀಲು ಹಿಡಿಯಲು ಆಸೆಪಡುವ ರೈತನ ಮಗಳಿಗೆ ಹೆಸರಿನ ಹಲಗೆಗಿಂತ ವಾದ್ಯ ಬೇಕು, ಪಾಠ ಬೇಕು, ಬಸ್ಸಿನ ಖರ್ಚು ಬೇಕು, ಮೊದಲ ಕಛೇರಿಗೆ ಒಂದು ವೇದಿಕೆ ಬೇಕು. ಚೌಡಯ್ಯನವರು ದುಡ್ಡು ಹಾಕಿದ್ದು ಈ ಬಗೆಯ ಬೇಕುಗಳಿಗೇ.

ಹಾಗಾಗಿ ಸಂಪಾದನೆಯ ಪ್ರಶ್ನೆಗೆ ನಾನು ನೇರವಾಗಿ ಹೇಳುತ್ತೇನೆ: ಇದೆ, ದುಡಿದರೆ ಇದೆ. ಆದರೆ ನಂಜನಗೂಡಿನ, ನರಸೀಪುರದ ಉಳ್ಳವರು ಜಾತ್ರೆಯ ಪೆಂಡಾಲಿಗೆ, ಮದುವೆಯ ಛತ್ರಕ್ಕೆ ಕೊಡುವುದರಲ್ಲಿ ಒಂದು ಪಾಲನ್ನು ಕಲಿಯುವ ಮಕ್ಕಳಿಗೆ ಎತ್ತಿಡಬೇಕು. ಸಂಗಮದ ಊರಿನಿಂದ ಎದ್ದುಬಂದ ವಿದ್ವಾಂಸರಿಗೆ ಆ ಊರಿನವರು ಸಲ್ಲಿಸಬಹುದಾದ ಗೌರವ ಇದಕ್ಕಿಂತ ದೊಡ್ಡದಿಲ್ಲ.