ಕಲ್ಲಿದ್ದಲ ಗಣಿಗಳೂ ಸಲಹಾ ಸಮಿತಿಗಳೂ

ನಮ್ಮಲ್ಲಿ ಹಿರಿಯರಾದವರಿಗೆ ಉಗಿಬಂಡಿಯ ದಿನಗಳು ನೆನಪಿರಬೇಕು. ಊರು ಬಿಟ್ಟು, ರಾತ್ರಿಯೆಲ್ಲ ಪ್ರಯಾಣ ಮಾಡಿ, ಮಹಾನಗರದ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ತೊಟ್ಟ ಬಿಳಿಯ ಅಂಗಿ ಬೂದಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಕಿಟಕಿಯ ಬಳಿ ಕುಳಿತ ಮಗುವಿನ ಕಣ್ಣಿಗೆ ಮಸಿಯ ಕಣ ಬಿದ್ದರೆ ತಾಯಿ ಸೆರಗಿನ ತುದಿಯನ್ನು ಬಾಯಿಯ ಉಸಿರಿನಿಂದ ಬೆಚ್ಚಗೆ ಮಾಡಿ ಒತ್ತುತ್ತಿದ್ದಳು. ಆ ಮಸಿ ಯಾವ ನೆಲದ್ದು, ಅದನ್ನು ಅಗೆದು ಕೊಟ್ಟವರು ಯಾರು ಎಂದು ಅಂದು ನಾವು ಕೇಳಲಿಲ್ಲ. ತಡವಾಗಿಯಾದರೂ ಕೇಳಿದರೆ, ಗಣಿಗಳ ಕಥೆಯ ಜೊತೆಗೆ ಸಮಿತಿಗಳ ಕಥೆಯೂ ಎದುರಾಗುತ್ತದೆ.

ಸಮಿತಿ ಎಂದರೆ ನಮಗೆ ನಗು ಬರುವುದು ಸಹಜ. ಸಂಘದಲ್ಲಿ ರಾಜ್ಯೋತ್ಸವಕ್ಕೊಂದು, ನಾಟಕಕ್ಕೊಂದು, ಕಟ್ಟಡ ನಿಧಿಗೊಂದು ಸಮಿತಿ ಮಾಡಿ ಅನುಭವಿಗಳಾದವರು ನಾವು. ಕೆಲಸ ಮುಂದೂಡಬೇಕಾದರೆ ಸಮಿತಿ ನೇಮಿಸಿ ಎಂಬ ಚಟಾಕಿಯನ್ನೂ ಹಾರಿಸುತ್ತೇವೆ. ನಮ್ಮ ಸಮಿತಿ ತಡಮಾಡಿದರೆ ನಾಟಕ ಒಂದು ತಿಂಗಳು ಮುಂದೆ ಹೋದೀತು. ಗಣಿಯ ವಿಷಯದಲ್ಲಿ ತಡವಾದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶದ ಕಲ್ಲಿದ್ದಲ ಇತಿಹಾಸ ಹೇಳುತ್ತದೆ.

ಬಂಗಾಳದ ರಾಣೀಗಂಜ್ ಪ್ರದೇಶದಲ್ಲಿ ಇಬ್ಬರು ಆಂಗ್ಲರು ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆ ಪಡೆದು ಕಲ್ಲಿದ್ದಲು ತೆಗೆಯಲು ತೊಡಗಿದ್ದು 1774ರಲ್ಲಿ. ಅರುವತ್ತು ವರ್ಷ ಅದಕ್ಕೆ ಹೇಳಿಕೊಳ್ಳುವಂಥ ಬೇಡಿಕೆ ಇರಲಿಲ್ಲ. ಗಂಗೆಯಲ್ಲಿ ಉಗಿಹಡಗುಗಳು ಓಡತೊಡಗಿದ ಮೇಲೆ ಕಂಪನಿಗೆ ಇದ್ದಿಲ ಚಿಂತೆ ಹತ್ತಿತು. ದೇಶದಲ್ಲಿ ಎಲ್ಲೆಲ್ಲಿ ಕಲ್ಲಿದ್ದಲಿದೆ, ಯಾವುದು ಉರಿಯಲು ಯೋಗ್ಯ ಎಂದು ವಿಚಾರಿಸಲು 1836ರಲ್ಲಿ ಕಲ್ಕತ್ತೆಯಲ್ಲಿ ಒಂದು ಸಮಿತಿ ಏರ್ಪಟ್ಟಿತು. ಅದರ ಕಾರ್ಯದರ್ಶಿ ಜಾನ್ ಮೆಕ್‌ಕ್ಲೆಲೆಂಡ್. ವೃತ್ತಿಯಿಂದ ವೈದ್ಯ, ಆಸಕ್ತಿಯಿಂದ ಪ್ರಕೃತಿ ವಿಜ್ಞಾನಿ. ಜಿಲ್ಲೆ ಜಿಲ್ಲೆಗಳಿಂದ ಮಾಹಿತಿ ಕಲೆಹಾಕಿದ ಸಮಿತಿ ಕೊನೆಗೆ ಪ್ರಾಮಾಣಿಕವಾದ ಒಂದು ಮಾತು ಹೇಳಿತು: ಇದು ಹವ್ಯಾಸಿಗಳಿಂದ ಆಗುವ ಕೆಲಸವಲ್ಲ, ಭೂಗರ್ಭಶಾಸ್ತ್ರವನ್ನೇ ಕಲಿತವರು ಬೇಕು.

ಆ ಸಲಹೆಯಂತೆ ಬ್ರಿಟನ್ನಿನಿಂದ ಡಿ. ಎಚ್. ವಿಲಿಯಮ್ಸ್ ಎಂಬವರು 1846ರಲ್ಲಿ ಬಂದರು. ಎರಡೂವರೆ ವರ್ಷ ಕಾಡಿನಲ್ಲಿ ಅಲೆದು, 1848ರಲ್ಲಿ ಕಾಡುಜ್ವರಕ್ಕೆ ಬಲಿಯಾದರು. ಅವರ ತರುವಾಯ 1851ರ ಮಾರ್ಚ್‌ನಲ್ಲಿ ಬಂದಿಳಿದವರು ಐರ್ಲೆಂಡಿನ ಥಾಮಸ್ ಓಲ್ಡ್‌ಹ್ಯಾಮ್. ಭಾರತೀಯ ಭೂಗರ್ಭ ಸಮೀಕ್ಷಾ ಇಲಾಖೆ ತನ್ನ ಹುಟ್ಟನ್ನು ಎಣಿಸುವುದು ಆ ವರ್ಷದಿಂದಲೇ. ಸಮಿತಿ ಕೂಡಿದ್ದಕ್ಕೂ ಇಲಾಖೆ ನಿಂತದ್ದಕ್ಕೂ ನಡುವೆ ಹದಿನೈದು ವರ್ಷ.

ಈ ಇಲಾಖೆಯ ಋಣ ಕನ್ನಡ ನಾಡಿಗೂ ಇದೆ. 1858ರಲ್ಲಿ ಅದನ್ನು ಸೇರಿದ ರಾಬರ್ಟ್ ಬ್ರೂಸ್ ಫೂಟ್ ಧಾರವಾಡ, ಬೆಳಗಾವಿ, ಬಳ್ಳಾರಿಗಳ ನೆಲವನ್ನು ಕಾಲ್ನಡಿಗೆಯಲ್ಲೂ ಕುದುರೆಯ ಮೇಲೂ ಸುತ್ತಿ ನಕ್ಷೆ ಬರೆದರು. ನಮ್ಮ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರು ಶಾಸ್ತ್ರಗ್ರಂಥಗಳಲ್ಲಿ ನಿಂತದ್ದು ಅವರಿಂದ. ನಿವೃತ್ತರಾದ ಬಳಿಕ 1894ರಲ್ಲಿ ಹೊಸದಾಗಿ ಸ್ಥಾಪನೆಯಾದ ಮೈಸೂರು ಭೂಗರ್ಭ ಇಲಾಖೆಯ ಮೊದಲ ಮುಖ್ಯಸ್ಥರೂ ಅವರೇ. ಆ ಧಾರವಾಡ ಶಿಲೆಗಳು ಸುಮಾರು 250 ಕೋಟಿ ವರ್ಷಗಳಿಗೂ ಹಿಂದಿನವು. ಕಲ್ಲಿದ್ದಲಾಗಬಲ್ಲ ಮರಗಿಡಗಳು ಭೂಮಿಯ ಮೇಲೆ ಹುಟ್ಟುವ ಎಷ್ಟೋ ಮುಂಚಿನವು. ಆದ್ದರಿಂದಲೇ ಆ ಶಿಲೆಗಳಲ್ಲಿ ಕಬ್ಬಿಣವಿದೆ, ಚಿನ್ನವಿದೆ, ಕಲ್ಲಿದ್ದಲಿಲ್ಲ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿದಾಗ ಅದಕ್ಕೆ ಮಲೆನಾಡಿನ ಮರದ ಇದ್ದಿಲನ್ನೇ ಉಣಿಸಬೇಕಾಯಿತು.

ಇನ್ನು ಜೀವದ ಪ್ರಶ್ನೆಗೆ ಬರೋಣ. 1855ರಲ್ಲಿ ರೈಲು ರಾಣೀಗಂಜನ್ನು ಮುಟ್ಟಿತು. ಅಲ್ಲಿಂದಾಚೆಗೆ ಗಣಿಗಳು ಬೆಳೆದ ವೇಗಕ್ಕೆ ಕಾನೂನು ಬೆಳೆಯಲಿಲ್ಲ. 1897ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ 52 ಮಂದಿ ಸತ್ತರು. ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲ ಗಣಿಯಲ್ಲಿ 47 ಮಂದಿ ಸತ್ತರು. ದೇಶದ ಎರಡು ಮೂಲೆಗಳಲ್ಲಿ ನಡೆದ ಈ ಎರಡು ದುರಂತಗಳು 1901ರ ಗಣಿ ಕಾಯಿದೆಯನ್ನು ಬೇಗ ತರಿಸಿದವೆಂದು ಗಣಿ ಸುರಕ್ಷತೆಯ ಚರಿತ್ರೆ ದಾಖಲಿಸಿದೆ. ಕೋಲಾರದ ಆ 52 ಜೀವಗಳಿಗೆ ಭಾರತದ ಗಣಿ ಕಾನೂನಿನಲ್ಲಿ ಒಂದು ಪಾಲಿದೆ ಎಂಬುದು ಕನ್ನಡಿಗರಾದ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅದೇ 1901ರಲ್ಲಿ ಮುಂಬಯಿಯ ದಿನ್‌ಷಾ ವಾಚಾ ಅವರ ಅಧ್ಯಕ್ಷತೆಯಲ್ಲಿ ಕಲ್ಕತ್ತೆಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ, ಭಾರತೀಯರಿಗೆ ಗಣಿವಿದ್ಯೆ ಕಲಿಸುವ ಕಾಲೇಜು ಬೇಕೆಂದು ಕೇಳಿತು. ಗಣಿಯ ಒಳಗೆ ಅಗೆಯುವವರು ನಮ್ಮವರು, ಮೇಲೆ ನಿಂತು ಹೇಳುವವರು ಪರದೇಶದವರು ಎಂಬ ಸ್ಥಿತಿ ಅದು. 1913-14ರಲ್ಲಿ ಮೆಕ್‌ಫರ್ಸನ್ ಸಮಿತಿ ಅಂಥ ಶಾಲೆ ಧನಬಾದಿನಲ್ಲಿ ಆಗಲೆಂದು ಶಿಫಾರಸು ಮಾಡಿತು. ಯುದ್ಧ ಬಂತು, ಕಡತ ಮಲಗಿತು. ಶಾಲೆಯ ಬಾಗಿಲು ತೆರೆದದ್ದು 1926ರ ಡಿಸೆಂಬರ್ 9ರಂದು. ಕೇಳಿದ್ದಕ್ಕೂ ದೊರೆತದ್ದಕ್ಕೂ ನಡುವೆ ಇಪ್ಪತ್ತೈದು ವರ್ಷ. ಇಂದು ಐಐಟಿಗಳ ಸಾಲಿನಲ್ಲಿರುವ ಧನಬಾದಿನ ಸಂಸ್ಥೆ ಅದೇ.

ಎಲ್ಲಕ್ಕಿಂತ ಮನಸ್ಸನ್ನು ಕಲಕುವುದು ಮರಳಿನ ಕಥೆ. ಗಣಿಯೊಳಗೆ ಕಲ್ಲಿದ್ದಲನ್ನು ಅಗೆಯುವಾಗ ಮೇಲಿನ ನೆಲವನ್ನು ಹೊರಲು ಅಲ್ಲಲ್ಲಿ ಕಲ್ಲಿದ್ದಲಿನದೇ ಕಂಬಗಳನ್ನು ಬಿಡುತ್ತಾರೆ. ಆ ಕಂಬಗಳಲ್ಲಿರುವುದೂ ಹಣವೇ ಅಲ್ಲವೆ? ಆಸೆಗೆ ಬಿದ್ದು ಅವನ್ನು ಕೆತ್ತಿದರೆ ಮೇಲಿನ ನೆಲ ಕುಸಿಯುತ್ತದೆ. ಬಿರುಕಿನಿಂದ ಗಾಳಿ ಒಳನುಗ್ಗಿ, ಉಳಿದ ಕಲ್ಲಿದ್ದಲು ತನಗೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹಾಗೆಂದು ಕಂಬಗಳನ್ನು ಅಲ್ಲೇ ಬಿಟ್ಟರೆ ದೇಶದ ಸಂಪತ್ತು ನೆಲದಲ್ಲೇ ಉಳಿಯುತ್ತದೆ. ಇದಕ್ಕೆ ಪರಿಹಾರ ಸರಳ: ದಾಮೋದರ ನದಿಯ ಮರಳನ್ನು ನೀರಿನೊಡನೆ ಕೊಳವೆಯಲ್ಲಿ ಇಳಿಸಿ, ಅಗೆದ ಜಾಗವನ್ನು ತುಂಬುತ್ತ ಬರುವುದು. ನೀರು ಬಸಿದು ಹೋಗುತ್ತದೆ, ಮರಳು ಗಟ್ಟಿಯಾಗಿ ನೆಲವನ್ನು ಹೊರುತ್ತದೆ. ಆಮೇಲೆ ಕಂಬಗಳನ್ನೂ ತೆಗೆಯಬಹುದು.

1920ರಲ್ಲಿಯೇ ಸರಕಾರದ ಕಲ್ಲಿದ್ದಲು ಕ್ಷೇತ್ರ ಸಮಿತಿ ಇದನ್ನು ಹೇಳಿತು. ಗಣಿಗಳ ಮೇಲೆ ಹತೋಟಿಗೆ ಒಂದು ಮಂಡಲಿ ಇರಲಿ, ಸುಂಕ ವಿಧಿಸಿ ಆ ಹಣದಿಂದ ಮರಳು ತುಂಬಿಸಿ ಎಂದಿತು. ಝರಿಯಾದಲ್ಲಿ 1916ರಲ್ಲಿಯೇ ನೆಲದಡಿಯ ಬೆಂಕಿ ಕಾಣಿಸಿಕೊಂಡಿತ್ತು. ಆದರೆ ಮರಳಿಗೆ ಖರ್ಚಿದೆ, ಮಾಲೀಕರಿಗೆ ಇಂದಿನ ಲಾಭ ಮುಖ್ಯ, ಸರಕಾರಕ್ಕೆ ರೈಲಿಗೆ ಅಗ್ಗದ ಕಲ್ಲಿದ್ದಲು ಮುಖ್ಯ. ವರದಿ ಕಪಾಟು ಸೇರಿತು.

1935ರಲ್ಲಿ ಕುರ್‌ಹುರ್‌ಬಾರಿ ಗಣಿಯಲ್ಲಿ 62 ಜನ ಸತ್ತರು. 1936ರ ಡಿಸೆಂಬರ್‌ನಲ್ಲಿ ಪೋಯ್‌ಡೀ ಗಣಿಯ ಸ್ಫೋಟದಲ್ಲಿ 209 ಜನ. 1937ರಲ್ಲಿ ಬರ್ರೋಸ್ ಅವರ ಅಧ್ಯಕ್ಷತೆಯ ಸಮಿತಿ ವರದಿ ಒಪ್ಪಿಸಿತು. ಮರಳಿನ ಮಾತು ಮತ್ತೆ ಬಂತು. 1939ರಲ್ಲಿ ಕಲ್ಲಿದ್ದಲ ಮೇಲೆ ಸುಂಕ ವಿಧಿಸಿ ಮರಳು ತುಂಬಲು ನೆರವು ಕೊಡುವ ಕಾಯಿದೆಯಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ? ಆ ಕಾಯಿದೆಯೂ ಜೀವರಕ್ಷಣೆಗೆ ಮಾತ್ರ. ಕಲ್ಲಿದ್ದಲನ್ನು ಪೋಲಾಗದಂತೆ ಉಳಿಸುವ ಉದ್ದೇಶವೂ ಸೇರಿದ್ದು 1952ರ ಕಾಯಿದೆಯಲ್ಲಿ. 1920ರಿಂದ ಎಣಿಸಿದರೆ ಮೂವತ್ತೆರಡು ವರ್ಷ.

ಹಾಗಾದರೆ ಸಮಿತಿಗಳೆಲ್ಲ ವ್ಯರ್ಥವೇ? ಹಾಗೆನ್ನಲು ನಮಗೆ ಮನಸ್ಸು ಬಾರದು. ಅವು ಕೊಟ್ಟ ಸಲಹೆಗಳಲ್ಲಿ ಒಂದು ಬಗೆಯವು ಬೇರು ಬಿಟ್ಟಿವೆ: ಕಲಿಯುವ, ಪರೀಕ್ಷಿಸುವ, ಸಂಶೋಧಿಸುವ ಮನೆಗಳನ್ನು ಕಟ್ಟಿ ಎಂಬ ಸಲಹೆಗಳು. ಭೂಗರ್ಭ ಇಲಾಖೆ, ಗಣಿಶಾಲೆಗಳನ್ನು ಮೇಲೆ ಕಂಡೆವು. ಸ್ವಾತಂತ್ರ್ಯ ಬಂದ ಮೇಲೆ ಧನಬಾದಿನ ಬಳಿ 1950ರಲ್ಲಿ ಇಂಧನ ಸಂಶೋಧನಾಲಯ, 1956ರಲ್ಲಿ ಗಣಿ ಸಂಶೋಧನಾ ಕೇಂದ್ರ ಆರಂಭವಾದವು; 2007ರಲ್ಲಿ ಇವೆರಡೂ ಒಂದಾದವು. ಯಾವ ಖನಿಜವನ್ನು ಎಲ್ಲಿ ಹುಡುಕಬೇಕೆಂದು ಕೇಂದ್ರವೂ ರಾಜ್ಯಗಳೂ ಕೂಡಿ ಯೋಚಿಸಲು 1966ರಲ್ಲಿ ಕೇಂದ್ರ ಭೂಗರ್ಭ ಕಾರ್ಯಕ್ರಮ ಮಂಡಲಿ ರಚನೆಯಾಯಿತು. ಸಮಿತಿಯ ಆಯುಸ್ಸು ವರದಿಯೊಂದಿಗೆ ಮುಗಿಯುತ್ತದೆ. ಸಂಸ್ಥೆ ಮುಂದಿನ ತಲೆಮಾರಿಗೂ ಉಳಿಯುತ್ತದೆ.

ವಿದ್ಯೆ ಇದ್ದರೆ ಸಾಕು ಎಂದೂ ಹೇಳಲಾರೆವು. 1958ರಲ್ಲಿ ಚಿನಾಕುರಿಯಲ್ಲಿ 175 ಜನ, 1965ರಲ್ಲಿ ಧೋರಿಯಲ್ಲಿ 268 ಜನ ಸತ್ತರು. 1971ರಿಂದ 1973ರ ಒಳಗೆ ಕಲ್ಲಿದ್ದಲ ಗಣಿಗಳನ್ನು ಸರಕಾರ ವಹಿಸಿಕೊಂಡಿತು. ಅದಾದ ಮೇಲೂ 1975ರ ಡಿಸೆಂಬರ್ 27ರಂದು ಚಸನಾಲಾದಲ್ಲಿ ಹಳೆಯ ಗಣಿಯಲ್ಲಿ ನಿಂತಿದ್ದ ನೀರು ನುಗ್ಗಿ 375 ಜನ ಮುಳುಗಿದರು. ಒಡೆತನ ಬದಲಾದರೂ ಎಚ್ಚರಿಕೆ ತಾನಾಗಿ ಬರುವುದಿಲ್ಲ.

ಕೊನೆಗೆ ಮತ್ತೆ ಕೋಲಾರಕ್ಕೇ ಹೋಗೋಣ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಚಿನ್ನದ ಗಣಿಗಳಲ್ಲಿ, ಮೇಲಿನ ಭಾರ ತಾಳದೆ ಬಂಡೆ ಸಿಡಿಯುವುದು ಕಾರ್ಮಿಕರನ್ನು ತಲೆಮಾರುಗಳ ಕಾಲ ಕಾಡಿತು. ಬಂಡೆ ಏಕೆ ಸಿಡಿಯುತ್ತದೆ, ಮುಂಚಿತವಾಗಿ ತಿಳಿಯಬಹುದೇ ಎಂದು ಅಲ್ಲಿ ನಡೆದ ದೀರ್ಘ ಪರಿಶೀಲನೆಯ ನೆಲದಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 2001ರಲ್ಲಿ ಗಣಿ ಮುಚ್ಚಿತು. ಸಾವಿರಾರು ಸಂಸಾರಗಳು ನಮ್ಮ ಹಾಗೆಯೇ ಬೇರೆ ಊರುಗಳ ದಾರಿ ಹಿಡಿದವು. ಗಣಿ ಮುಚ್ಚಿದರೂ ಆ ವಿದ್ಯೆ ಮುಚ್ಚಲಿಲ್ಲ. ಜಲವಿದ್ಯುತ್ ಯೋಜನೆಗಳಿಗೆ ಬೆಟ್ಟ ಕೊರೆಯುವಾಗ, ಸುರಂಗ ತೆಗೆಯುವಾಗ ಅದು ನೆರವಿಗೆ ಬರುತ್ತಿದೆ.

ಪತ್ರಿಕೆಯಲ್ಲಿ ಇನ್ನೊಂದು ಸಮಿತಿಯ ಸುದ್ದಿ ಬಂದಾಗ ನಾವು ಪುಟ ಮಗುಚುವುದುಂಟು. ಇನ್ನು ಮುಂದೆ ಒಂದು ಕ್ಷಣ ನಿಲ್ಲೋಣ. ವರದಿ ಒಪ್ಪಿಸಿದ ದಿನವನ್ನೂ ಅದು ಜಾರಿಗೆ ಬಂದ ದಿನವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡೋಣ. ನಡುವಿನ ವರ್ಷಗಳಲ್ಲಿಯೂ ಪ್ರತಿದಿನ ಬೆಳಿಗ್ಗೆ ಯಾರೋ ಬುತ್ತಿ ಕಟ್ಟಿಕೊಂಡು ಗಣಿಗೆ ಇಳಿದೇ ಇರುತ್ತಾರೆ.