ಹೆಗಲ ಹೊಲಿಗೆ ಮತ್ತು ಕಾಡ್‌ಮನ್ನನ ಕಾರ್ಡುಗಳು

ತಲೆ ಬಾಚುವುದು, ಅಟ್ಟದಿಂದ ಡಬ್ಬಿ ತೆಗೆಯುವುದು, ಅಂಗಿಯ ತೋಳಿಗೆ ಕೈ ತೂರಿಸುವುದು ಎಷ್ಟು ದೊಡ್ಡ ಕೆಲಸಗಳೆಂಬುದು ಹೆಗಲಿನ ಸ್ನಾಯುರಜ್ಜು ಹರಿದವರಿಗೇ ಗೊತ್ತು. ಸೊಂಟದ ಕೀಲಿಗಿರುವಂಥ ಆಳವಾದ ಗುಳಿ ಹೆಗಲಿಗಿಲ್ಲ. ತೋಳಿನ ಮೂಳೆಯ ದುಂಡುತಲೆ ಆಳವಿಲ್ಲದ ತಟ್ಟೆಗೆ ಒರಗಿದಂತೆ ನಿಂತಿರುತ್ತದೆ. ಅದು ಜಾರದಂತೆ ಹಿಡಿದಿಡುವವು ಸುತ್ತಲಿನ ನಾಲ್ಕು ಸ್ನಾಯುಗಳ ರಜ್ಜುಗಳು. ವಯಸ್ಸಿನೊಂದಿಗೆ ಇವು ಸವೆಯುತ್ತವೆ. ಒಂದು ದಿನ ಕಾಲು ಜಾರಿ ಬಿದ್ದಾಗಲೋ ಭಾರ ಎತ್ತಿದಾಗಲೋ ಮೇಲಿನ ರಜ್ಜು ಮೂಳೆಯಿಂದ ಕಿತ್ತು ಬರುತ್ತದೆ.

ಶವಗಳಲ್ಲಿ ಕಂಡ ಇಂಥ ಹರಿತಗಳ ವರ್ಣನೆ 1834ರಲ್ಲೇ ಲಂಡನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಬಂದಿತ್ತು. ಬದುಕಿರುವವರ ಹೆಗಲನ್ನು ತೆರೆದು ಹರಿದ ರಜ್ಜನ್ನು ಹೊಲಿದ ಮೊದಲಿಗರಲ್ಲಿ ಬಾಸ್ಟನ್ನಿನ ಅರ್ನೆಸ್ಟ್ ಅಮೋರಿ ಕಾಡ್‌ಮನ್ ಒಬ್ಬ. 1909ರಲ್ಲಿ ಮಾಡಿದ ಈ ಶಸ್ತ್ರಕ್ರಿಯೆಯನ್ನು ಆತ 1911ರಲ್ಲಿ ವರದಿ ಮಾಡಿದ.

ಕಾಡ್‌ಮನ್ನನಿಗೆ ಇನ್ನೊಂದು ಹುಚ್ಚಿತ್ತು. ಪ್ರತಿ ರೋಗಿಗೂ ಒಂದು ಕಾರ್ಡು. ಶಸ್ತ್ರಕ್ರಿಯೆಯಾಗಿ ವರ್ಷ ಕಳೆದ ಮೇಲೂ ರೋಗಿಯನ್ನು ವಿಚಾರಿಸಿ ಫಲವೇನಾಯಿತೆಂದು ಅದರಲ್ಲಿ ಬರೆಯಬೇಕು, ಗುಣವಾಗದಿದ್ದರೆ ತಪ್ಪು ಯಾರದೆಂಬುದನ್ನೂ. ತನ್ನದೇ ಪುಟ್ಟ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳ ಲೆಕ್ಕ ಕೊಟ್ಟು, 123 ತಪ್ಪುಗಳನ್ನು ಅಚ್ಚುಹಾಕಿಸಿದ. ಸಹೋದ್ಯೋಗಿಗಳಿಗೆ ಇದು ರುಚಿಸೀತೇ? 1915ರ ಜನವರಿಯಲ್ಲಿ ವೈದ್ಯರ ಸಭೆಯೊಂದರಲ್ಲಿ ಆತ ದೊಡ್ಡ ವ್ಯಂಗ್ಯಚಿತ್ರವೊಂದನ್ನು ತೋರಿಸಿದ. ಮರಳಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ ನಗರದ ಶ್ರೀಮಂತರು. ಅದು ಹಿಂದಕ್ಕೆ ಒದೆಯುವ ಚಿನ್ನದ ಮೊಟ್ಟೆಗಳು ವೈದ್ಯ ಪ್ರಾಧ್ಯಾಪಕರ ಪಾಲು. ವೈದ್ಯಸಂಘದ ಹುದ್ದೆಯೂ ಹಾರ್ವರ್ಡಿನ ಬೋಧನೆಯೂ ಕೈಬಿಟ್ಟವು. ಚಿತ್ರ ಸ್ವಲ್ಪ ಅತಿಯಾಯಿತೆನ್ನಬಹುದು, ಕಾರ್ಡಿನ ಪ್ರಶ್ನೆಯನ್ನಲ್ಲ. 1934ರಲ್ಲಿ ಖಾಸಗಿಯಾಗಿ ಪ್ರಕಟವಾದ ಆತನ ಹೆಗಲಿನ ಗ್ರಂಥದ ಮುನ್ನುಡಿ ಒಂದು ಆತ್ಮಕಥೆಯೇ ಆಗಿದೆ. 1940ರಲ್ಲಿ ಆತ ತೀರಿಕೊಂಡ.

ಮುಂದೆ ವಿಧಾನಗಳು ಬದಲಾದವು. ಮೂಳೆಯಲ್ಲಿ ತೂತು ಕೊರೆದು ದಾರ ಪೋಣಿಸಿ ರಜ್ಜನ್ನು ಬಿಗಿಯುವ ಕ್ರಮವನ್ನು 1944ರಲ್ಲಿ ಮೆಕ್‌ಲಾಫ್ಲಿನ್ ಪ್ರಚಾರಕ್ಕೆ ತಂದ. 1990ರ ದಶಕದಲ್ಲಿ ಮೂಳೆಗೆ ಕಚ್ಚಿಕೊಳ್ಳುವ ದಾರ ಕಟ್ಟಿದ ಪುಟ್ಟ ಮೊಳೆಗಳು ಬಳಕೆಗೆ ಬಂದು, ದೂರದರ್ಶಕದಂಥ ಕೊಳವೆಯನ್ನು ಚಿಕ್ಕ ರಂಧ್ರದಲ್ಲಿ ತೂರಿಸಿ ಪರದೆ ನೋಡುತ್ತಲೇ ಹೊಲಿಯುವುದು ಸಾಧ್ಯವಾಯಿತು. ಗಾಯ ಕಿರಿದಾಯಿತು. ಆದರೆ ಹೊಲಿಗೆ ನಿಂತಿತೇ?

2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೀಗೆ ಕೊಳವೆಯ ಮೂಲಕ ಹೊಲಿಸಿಕೊಂಡ, ದೊಡ್ಡ ಹರಿತಗಳ 18 ರೋಗಿಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡಿತು. 17 ಮಂದಿಯಲ್ಲಿ ರಜ್ಜು ಮತ್ತೆ ಹರಿದಿತ್ತು! ಸೋಜಿಗವೆಂದರೆ ಮೊದಲ ವರ್ಷ ಅವರಲ್ಲಿ ಹೆಚ್ಚಿನವರ ನೋವು ತಗ್ಗಿತ್ತು, ಕೈಯೂ ಏಳುತ್ತಿತ್ತು; ಎರಡನೆಯ ವರ್ಷಕ್ಕೆ ಆ ಲಾಭ ಇಳಿಮುಖವಾಯಿತು. ಮೊದಲ ತಿಂಗಳುಗಳ ಉಪಶಮನವನ್ನಷ್ಟೇ ಕಾರ್ಡಿನಲ್ಲಿ ಬರೆದಿದ್ದರೆ ಎಲ್ಲವೂ ಸರಿಯೆಂದೇ ತೋರುತ್ತಿತ್ತು.

ದಾರ ರಜ್ಜನ್ನು ಹಿಡಿದಿಡುತ್ತದೆಯೇ ಹೊರತು ಬೆಸೆಯುವುದಿಲ್ಲ. ಬೆಸುಗೆ ದೇಹದ ಕೆಲಸ, ಅದಕ್ಕೆ ತಿಂಗಳುಗಳು ಬೇಕು. ಬಹುಕಾಲ ಹರಿದೇ ಉಳಿದ ರಜ್ಜಿನ ಸ್ನಾಯು ಸೊರಗಿ, ಅದರೊಳಗೆ ಕೊಬ್ಬು ತುಂಬುತ್ತದೆ. ಅಂಥ ಸ್ನಾಯುವಿಗೆ ಎಷ್ಟು ಗಟ್ಟಿಯಾಗಿ ಹೊಲಿದರೂ ಹಳೆಯ ಬಲ ಮರಳುವುದು ಕಷ್ಟ. ಅದಕ್ಕೇ ಈಗ ಶಸ್ತ್ರವೈದ್ಯರು ಕತ್ತರಿ ಹಿಡಿಯುವ ಮೊದಲು ಎಂ.ಆರ್.ಐ. ಚಿತ್ರದಲ್ಲಿ ರಜ್ಜಿನ ಜತೆಗೆ ಸ್ನಾಯುವನ್ನೂ ನೋಡುತ್ತಾರೆ.