ವೇದವೈಷಮ್ಯ ಮತ್ತು 377ನೆಯ ಕಲಂ

ಸಲಿಂಗಾಭಿಲಾಷೆಯು ಪಶ್ಚಿಮದಿಂದ ಬಂದುದು, ನಮ್ಮ ಪ್ರಾಚೀನರು ಅದನ್ನು ಅರಿಯರು ಎಂಬ ವಾದವು ಸಲಿಂಗವಿವಾಹದ ಚರ್ಚೆಯಲ್ಲಿ ಪದೇ ಪದೇ ಕೇಳಿಬರುತ್ತದೆ. ಜೈನ ಕರ್ಮಸಾಹಿತ್ಯವು ಈ ವಾದವನ್ನು ಸಮರ್ಥಿಸುವುದಿಲ್ಲ.

10ನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ವೇದಮಾರ್ಗಣೆಯನ್ನು ನಿರೂಪಿಸಿದ್ದಾರೆ. ಇಲ್ಲಿ ವೇದವೆಂದರೆ ಶ್ರುತಿಯಲ್ಲ, ಲಿಂಗ ಮತ್ತು ಕಾಮಾಭಿಲಾಷೆ. ದೇಹದ ಲಿಂಗವಾದ ದ್ರವ್ಯವೇದಕ್ಕೆ ನಾಮಕರ್ಮವು ಕಾರಣ. ಅಭಿಲಾಷೆಯಾದ ಭಾವವೇದಕ್ಕೆ ಮೋಹನೀಯಕರ್ಮವು ಕಾರಣ. ಇವೆರಡೂ ಪ್ರಾಯಶಃ ಸಮವಾಗಿರುತ್ತವೆ, ಕೆಲವೆಡೆ ವಿಷಮವಾಗುತ್ತವೆ ಎಂದು ಆಚಾರ್ಯರು ಸ್ಪಷ್ಟಪಡಿಸುತ್ತಾರೆ. ಎಂದರೆ ಪುರುಷದೇಹಿಯಲ್ಲಿ ಪುರುಷನನ್ನೇ ಬಯಸುವ ಸ್ತ್ರೀವೇದವು ಉದಯಿಸಬಹುದು. 1359ರಲ್ಲಿ ಕೇಶವಣ್ಣನು ಈ ಗ್ರಂಥಕ್ಕೆ ಕನ್ನಡ ವೃತ್ತಿಯನ್ನು ರಚಿಸಿದನು.

1860ರ ದಂಡಸಂಹಿತೆಯ 377ನೆಯ ಕಲಂ ಅಭಿಲಾಷೆಯನ್ನು ವಿಚಾರಿಸಲಿಲ್ಲ. ಕೃತ್ಯವನ್ನಷ್ಟೇ ಕಂಡು ಆಜೀವ ಕಾರಾವಾಸದವರೆಗೆ ದಂಡ ವಿಧಿಸಿತು. ವಯಸ್ಕರ ಸಮ್ಮತ ಸಂಬಂಧವನ್ನು ಸರ್ವೋಚ್ಚ ನ್ಯಾಯಾಲಯವು ಅಪರಾಧದಿಂದ ಮುಕ್ತಗೊಳಿಸಿದ್ದು 2018ರಲ್ಲಿ. 2023ರಲ್ಲಿ ಅದು ವಿವಾಹದ ಮಾನ್ಯತೆಯನ್ನು ಶಾಸಕಾಂಗಕ್ಕೆ ಬಿಟ್ಟಿತು.

ಆದರೆ ಶಾಸ್ತ್ರಕಾರರ ಅರಿವನ್ನು ಸಮ್ಮತಿಯೆಂದು ಭಾವಿಸಲಾಗದು. ಸ್ತ್ರೀ, ಪುರುಷ, ನಪುಂಸಕ ಎಂಬ ಮೂರು ವೇದಗಳೂ ನೋಕಷಾಯಗಳೇ. ಮುಮುಕ್ಷುವು ಮೂರನ್ನೂ ಕ್ಷಯಗೊಳಿಸಬೇಕು. ವಿವಾಹದ ಹಕ್ಕನ್ನು ಸಂವಿಧಾನದ ನೆಲೆಯಲ್ಲಿಯೇ ನಿರ್ಣಯಿಸಬೇಕಾಗಿದೆ. ಅಲ್ಲಿ ‘ಇದು ಪರದೇಶದ್ದು’ ಎಂಬ ಆಕ್ಷೇಪಕ್ಕೆ ಇತಿಹಾಸದ ಆಧಾರವಿಲ್ಲ.